ತಣ್ಣೀರಿನ ಪ್ರಾಣಿಯೂ ತಾತನ ದಯೆಯೂ

ಈ ಪುಟವನ್ನು ತಪ್ಪದೆ ಓದುವ ಗೃಹಿಣಿಯೊಬ್ಬರು ಹೋದ ತಿಂಗಳು ಪತ್ರ ಬರೆದು ಹೀಗೆ ಕೇಳಿರುವರು: “ಇಂಗ್ಲೆಂಡಿನಲ್ಲಿರುವ ನಮ್ಮ ಮಗನ ಮನೆಯಲ್ಲಿ ಮಕ್ಕಳಿಗಾಗಿ ನ್ಯೂಟ್ ಎಂಬ ನೀರುಹಲ್ಲಿಯನ್ನು ಸಾಕಬೇಕೆಂದಿರುವರಂತೆ. ಹಲ್ಲಿಯನ್ನು ಯಾರಾದರೂ ಸಾಕುವುದುಂಟೆ? ಅದರಿಂದ ಮಕ್ಕಳಿಗೆ ಅಪಾಯವಿಲ್ಲವೆ? ತಮಗೆ ತಿಳಿದಿದ್ದರೆ ಬರೆಯಬೇಕು.” ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಶಾಲೆಯಲ್ಲಿ ಸಂಸ್ಕೃತವನ್ನು ಪಾಠ ಹೇಳಿದ ನನ್ನಂಥವನಿಗೆ ಈ ವಿಷಯವಾಗಿ ಬರೆಯುವ ಅಧಿಕಾರವೆಲ್ಲಿಂದ ಬಂತೆಂದು ಕೆಲವರು ನಗಬಹುದು. ಆ ಅಧಿಕಾರವು ಪಾಂಡಿತ್ಯದಿಂದ ಬಂದುದಲ್ಲ. ಒಂದು ತಪ್ಪಿನಿಂದ ಬಂದುದು. ಆ ತಪ್ಪನ್ನು ಇದುವರೆಗೆ ಮನೆಯವರ ಹೊರತು ಯಾರಿಗೂ ಹೇಳಿರಲಿಲ್ಲ. ಇಂದು ಹೇಳಿದರೆ ಇನ್ನೊಬ್ಬ ಅಜ್ಜನಾದರೂ ಎಚ್ಚರಗೊಂಡಾನೆಂಬ ಆಸೆಯಿಂದ ಬರೆಯುತ್ತಿದ್ದೇನೆ.

ಎರಡು ವರ್ಷಗಳ ಹಿಂದೆ ನಾನೂ ನಮ್ಮ ಮನೆಯವರೂ ಇಂಗ್ಲೆಂಡಿನ ಒಂದು ಚಿಕ್ಕ ಊರಿನಲ್ಲಿರುವ ಮಗನ ಮನೆಗೆ ಹೋಗಿ, ಮಾರ್ಚಿ ತಿಂಗಳಿಂದ ಆಗಸ್ಟಿನವರೆಗೆ ಅಲ್ಲಿದ್ದು ಬಂದೆವು. ಮೊಮ್ಮಗಳಿಗೆ ಆಗ ಹನ್ನೊಂದು ವರ್ಷ. ಹೋದ ದಿನವೇ ಅವಳು ನನ್ನ ಕೈಹಿಡಿದು ಮನೆಯ ಉತ್ತರದ ಕೋಣೆಗೆ ಕರೆದುಕೊಂಡು ಹೋಗಿ ತನ್ನ ಸಂಪತ್ತನ್ನು ತೋರಿಸಿದಳು. ಎರಡಡಿ ಉದ್ದದ ಗಾಜಿನ ತೊಟ್ಟಿ. ಅದರಲ್ಲಿ ಅರ್ಧಕ್ಕಿಂತ ಮೇಲೆ ನೀರು. ನೀರಿನಲ್ಲಿ ಹಸುರು ಬಳ್ಳಿಗಳು. ಮೇಲೆ ತೇಲುವ ಒಂದು ಮರದ ತೊಗಟೆಯ ತುಂಡು. ಗೇಣಿಗಿಂತ ಗಿಡ್ಡನೆಯ ಎರಡು ಪ್ರಾಣಿಗಳು ಬಳ್ಳಿಗಳ ನಡುವೆ ಅಲುಗದೆ ನಿಂತಿದ್ದುವು. ಬೆನ್ನು ಕಾಡಿಗೆಯ ಹಾಗೆ ಕಪ್ಪು. ಒಂದು ಮೇಲಕ್ಕೆ ಈಜಿದಾಗ ಹೊಟ್ಟೆ ಕಾಣಿಸಿತು. ಕುಂಕುಮದಂಥ ಕೆಂಪು, ನಡುನಡುವೆ ಕಪ್ಪು ಮಚ್ಚೆ. “ಹಲ್ಲಿ ನೀರಿಗೆ ಬಿದ್ದಿದೆಯಲ್ಲ ಮಗು” ಎಂದೆ. ಅವಳು ನಕ್ಕು, “ಹಲ್ಲಿ ಅಲ್ಲ ತಾತ, ಇದು ಕಪ್ಪೆಯ ನೆಂಟ” ಎಂದಳು.

ಅವಳ ಮಾತು ಸರಿಯಾಗಿತ್ತು. ಆಕಾರದಿಂದ ಹಲ್ಲಿಯಂತೆ ಕಂಡರೂ ನ್ಯೂಟು ಕಪ್ಪೆಯಂತೆ ಉಭಯಚರವರ್ಗಕ್ಕೆ ಸೇರಿದುದು. ಹಲ್ಲಿಗೆ ಮೈಮೇಲೆ ಒಣ ಹುರುಪೆಯುಂಟು, ಇದಕ್ಕೆ ಹುರುಪೆಯಿಲ್ಲ. ಇದರ ಚರ್ಮವು ತೇವವಾದುದು, ನೀರನ್ನೂ ಗಾಳಿಯನ್ನೂ ಹೀರತಕ್ಕದ್ದು. ಹಲ್ಲಿಯು ಗೋಡೆಯ ಸಂದಿನಲ್ಲಿ ಗಟ್ಟಿ ಓಡಿನ ಮೊಟ್ಟೆಯಿಡುವುದು. ನ್ಯೂಟಿನ ಹೆಣ್ಣು ನೀರುಗಿಡದ ಎಲೆಯನ್ನು ಹಿಂಗಾಲುಗಳಿಂದ ಮಡಿಸಿ ಒಂದೊಂದು ಮಡಿಕೆಯಲ್ಲಿ ಒಂದೊಂದು ಮೊಟ್ಟೆಯನ್ನು ಬಚ್ಚಿಡುವುದು. ಅದರಿಂದ ಹೊರಟ ಮರಿಯು ಕತ್ತಿನ ಎರಡು ಕಡೆಯೂ ಗರಿಯಂಥ ಕಿವಿರುಗಳನ್ನು ಧರಿಸಿ ಮೀನಿನಂತೆ ಬೆಳೆದು, ಬಳಿಕ ಕಿವಿರುಗಳನ್ನು ಕಳೆದುಕೊಂಡು ನೆಲವನ್ನು ಸೇರುವುದು. ಕೆಲವು ವರ್ಷ ನೆಲದಲ್ಲಿ ಕಳೆದು ಪ್ರಾಯಕ್ಕೆ ಬಂದಮೇಲೆ ಮರಳಿ ನೀರಿಗಿಳಿಯುವುದು.

ನನ್ನ ಮೊಮ್ಮಗಳು ಸಾಕಿದ್ದುದು ಜಪಾನ್ ದೇಶದ ಕೆಂಪುಹೊಟ್ಟೆಯ ನ್ಯೂಟು. ಅಲ್ಲಿಯ ಹೊನ್ಷು, ಷಿಕೊಕು, ಕ್ಯೂಷು ದ್ವೀಪಗಳ ಬತ್ತದ ಗದ್ದೆಗಳಲ್ಲಿಯೂ ಕೊಳಗಳಲ್ಲಿಯೂ ಕಾಲುವೆಗಳಲ್ಲಿಯೂ ಇದು ವಾಸಿಸುವುದು. ಜಪಾನೀಯರು ಇದನ್ನು ಇಮೋರಿ ಎಂದು ಕರೆಯುವರು. ಆ ಹೆಸರನ್ನು ಬರೆಯುವ ಅಕ್ಷರಗಳಿಗೆ ಬಾವಿಯ ಕಾವಲುಗಾರನೆಂದು ಅರ್ಥ. ಮನೆಯ ಗೋಡೆಯ ಹಲ್ಲಿಗೆ ಅವರ ಹೆಸರು ಯಾಮೋರಿ, ಎಂದರೆ ಮನೆಯ ಕಾವಲುಗಾರ. ಒಂದು ನೀರನ್ನು ಕಾಯುವುದು, ಇನ್ನೊಂದು ಮನೆಯನ್ನು ಕಾಯುವುದು. ಲೊಚಗುಟ್ಟಿದರೆ ಶಕುನ, ಮೈಮೇಲೆ ಬಿದ್ದರೆ ದೋಷವೆಂದು ಹಲ್ಲಿಗೆ ಹೆದರುವ ನಮಗೆ ಈ ಹೆಸರುಗಳಲ್ಲಿ ಕಲಿಯತಕ್ಕದ್ದು ಇದೆ. ಇಂಗ್ಲಿಷಿನ ನ್ಯೂಟ್ ಎಂಬ ಶಬ್ದದಲ್ಲಿಯೂ ವೈಯಾಕರಣರಿಗೆ ಒಂದು ವಿನೋದವುಂಟು. ಪೂರ್ವದಲ್ಲಿ ಅದರ ಹೆಸರು ಎವ್ಟ್ ಎಂದಿದ್ದಿತು. ‘ಒಂದು’ ಎಂಬರ್ಥದ ‘ಆನ್’ ಎಂಬುದು ಹಿಂದೆ ಸೇರಿ ‘ಆನ್ ಎವ್ಟ್’ ಎನ್ನುವಾಗ, ಜನರು ಪದವನ್ನು ತಪ್ಪಾಗಿ ಬಿಡಿಸಿ ನಕಾರವನ್ನು ಪ್ರಾಣಿಗೇ ಅಂಟಿಸಿಬಿಟ್ಟರು. ಸಂಧಿಯನ್ನು ತಪ್ಪಾಗಿ ಬಿಡಿಸಿದ ಹುಡುಗರ ಕಿವಿಯನ್ನು ನಾನು ಎಷ್ಟು ಸಲ ಹಿಂಡಿದ್ದೆನೋ! ಇಲ್ಲಿ ಒಂದು ದೇಶವೇ ಆ ತಪ್ಪನ್ನು ಮಾಡಿ ಅದನ್ನು ನಿಘಂಟಿಗೆ ಸೇರಿಸಿದೆ.

ಈ ಪ್ರಾಣಿಯ ನಿಜವಾದ ಮಹಿಮೆಯನ್ನು ಮೊಮ್ಮಗಳೇ ನನಗೆ ಪುಸ್ತಕದಿಂದ ಓದಿ ಹೇಳಿದಳು. ಕಾಲು ಕಡಿದುಹೋದರೆ ಇದಕ್ಕೆ ಮೂಳೆ, ಮಾಂಸ, ಬೆರಳುಗಳ ಸಹಿತವಾಗಿ ಹೊಸ ಕಾಲು ಬೆಳೆಯುವುದು. ಬಾಲ ಹೋದರೆ ಬಾಲ. ಇಟಲಿಯ ಪಾದ್ರಿ ಸ್ಪಲಾನ್ಜಾನಿಯು ೧೭೬೮ರಲ್ಲಿಯೇ ಈ ಜಾತಿಯ ಪ್ರಾಣಿಗಳ ಅಂಗಗಳು ಮರಳಿ ಹುಟ್ಟುವುದನ್ನು ಕಂಡು ಬರೆದನು. ಕಣ್ಣಿನೊಳಗಿನ ಮಸೂರವನ್ನು ತೆಗೆದರೂ ಕಣ್ಣಿನ ಬಣ್ಣದ ಪೊರೆಯ ಮೇಲಂಚಿನಿಂದ ಹೊಸ ಮಸೂರವು ಹುಟ್ಟಿಬರುವುದು. ಜಪಾನಿನ ಗೊರೊ ಎಗುಚಿ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಇದೇ ಜಾತಿಯ ನ್ಯೂಟುಗಳಲ್ಲಿ ೧೬ ವರ್ಷಗಳ ಅವಧಿಯಲ್ಲಿ ೧೮ ಸಲ ಮಸೂರವನ್ನು ತೆಗೆದು ಪರೀಕ್ಷಿಸಿದರು. ಪ್ರತಿ ಸಲವೂ ಹೊಸದು ಬಂದಿತು. ಕೊನೆಯಲ್ಲಿ ಆ ಪ್ರಾಣಿಗಳಿಗೆ ಕಡಮೆಯೆಂದರೆ ೩೦ ವರ್ಷ ವಯಸ್ಸಾಗಿದ್ದರೂ ಅವುಗಳ ಮಸೂರವು ಎಳೆಯದರಂತೆಯೇ ಇದ್ದಿತೆಂದು ೨೦೧೧ರಲ್ಲಿ ಪ್ರಕಟಿಸಿದರು. ಕಣ್ಣಿನ ಪೊರೆಯ ಶಸ್ತ್ರಕ್ರಿಯೆ ಮಾಡಿಸಿಕೊಂಡು ಆಗತಾನೆ ಕನ್ನಡಕ ಬದಲಿಸಿದ್ದ ನಾನು ಆ ತೊಟ್ಟಿಯ ಮುಂದೆ ಕುಳಿತು, “ಅಯ್ಯಾ, ನೀನೇ ಭಾಗ್ಯಶಾಲಿ” ಎಂದುಕೊಂಡೆ. ಇಷ್ಟು ಗಟ್ಟಿ ಜೀವಕ್ಕೆ ಏನೂ ಆಗದೆಂಬ ಭಾವನೆಯು ನನ್ನಲ್ಲಿ ಆಗಲೇ ಬೇರೂರಿರಬೇಕು.

ಏಪ್ರಿಲ್ ತಿಂಗಳಲ್ಲಿ ಮಗ, ಸೊಸೆ, ಮೊಮ್ಮಗಳು ಮೂವರೂ ನಾಲ್ಕು ದಿನಗಳ ಮಟ್ಟಿಗೆ ಬೇರೆ ಊರಿಗೆ ಹೋಗಬೇಕಾಗಿ ಬಂತು. ನಮ್ಮ ಮನೆಯವರಿಗೆ ನೆಗಡಿಯಾಗಿದ್ದುದರಿಂದ ನಾವಿಬ್ಬರೂ ಮನೆಯಲ್ಲಿಯೇ ಉಳಿದೆವು. ಮೊಮ್ಮಗಳು ಒಂದು ಕಾಗದದಲ್ಲಿ ನಾಲ್ಕೇ ವಿಷಯಗಳನ್ನು ದಪ್ಪ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿ ಹೋದಳು: ದಿನಕ್ಕೊಮ್ಮೆ ನೋಡಿದರೆ ಸಾಕು, ಭಾನುವಾರ ಮಾತ್ರ ಆಹಾರ ಹಾಕಬೇಕು, ಮುಚ್ಚಳವನ್ನು ಭದ್ರವಾಗಿ ಮುಚ್ಚಬೇಕು, ನೀರನ್ನು ಮುಟ್ಟಬಾರದು. ಭಾನುವಾರದ ಆಹಾರವೆಂದರೆ ಮಂಜುಗಡ್ಡೆಯಾಗಿ ಕಟ್ಟಿಟ್ಟ ಕೆಂಪು ಹುಳುಗಳು. ಜನ್ಮದಲ್ಲಿ ಇಂಥದ್ದನ್ನು ಮುಟ್ಟದ ನಾನು ಚಿಮುಟದಿಂದ ಅದನ್ನು ಹಾಕಿ, ಮೂರು ಸಲ ಕೈ ತೊಳೆದುಕೊಂಡೆ. ಕಷ್ಟವೆಂದು ಹೆದರಿದ್ದ ಆ ಕೆಲಸದಲ್ಲಿ ತಪ್ಪಾಗಲಿಲ್ಲ. ಸುಲಭವಾದುದರಲ್ಲಿಯೇ ಆಯಿತು.

ಆ ರಾತ್ರಿ ಹೊರಗೆ ಇಬ್ಬನಿ ಹೆಪ್ಪುಗಟ್ಟುವ ಚಳಿ. ನಾನು ಉಣ್ಣೆಯ ಅಂಗಿಯ ಮೇಲೆ ಶಾಲು ಹೊದ್ದು, ತಲೆಗೆ ಮಫ್ಲರು ಸುತ್ತಿಕೊಂಡು ತೊಟ್ಟಿಯ ಬಳಿಗೆ ಹೋಗಿ ಗಾಜನ್ನು ಮುಟ್ಟಿ ನೋಡಿದೆ. ಬೆರಳು ಝುಮ್ಮೆಂದಿತು. ಒಳಗೆ ಎರಡೂ ಪ್ರಾಣಿಗಳು ತಳದಲ್ಲಿ ಅಲುಗಾಡದೆ ಕುಳಿತಿದ್ದುವು. ನನ್ನ ಕರುಳು ಚುರುಕ್ಕೆಂದಿತು. ಮಾತು ಬಾರದ ಜೀವಗಳು, ಈ ಹಿಮದಂಥ ನೀರಿನಲ್ಲಿ ರಾತ್ರಿಯೆಲ್ಲ ಹೇಗೆ ತಾಳಬೇಕು ಎಂದುಕೊಂಡು, ಒಂದು ಬಕೆಟ್ಟು ನೀರನ್ನು ತೋಡಿ ಚೆಲ್ಲಿ, ಸ್ನಾನದ ಮನೆಯ ಬಿಸಿನೀರಿನ ನಲ್ಲಿಯಿಂದ ಹಿಡಿದ ನೀರನ್ನು ಸುರಿದೆ. ಕೈಯಾಡಿಸಿ ನೋಡಿದೆ, ಕೂಸಿಗೆ ಎರೆಯುವ ನೀರಿನಷ್ಟು ಹದವಾಗಿತ್ತು. ಅಷ್ಟಕ್ಕೇ ಬಿಡದೆ ಕೋಣೆಯ ಹೀಟರನ್ನು ತಿರುಗಿಸಿ, ಬಾಗಿಲು ಹಾಕಿ ಮಲಗಿದೆ. ಮಾರನೆಯ ದಿನವೂ ಹಾಗೆಯೇ ಮಾಡಿದೆ. “ಮಗು ಬರೆದಿಟ್ಟು ಹೋದದ್ದನ್ನು ಮೀರಬೇಡೀಂದ್ರೆ” ಎಂದು ನಮ್ಮ ಮನೆಯವರು ಎರಡು ಸಲ ಹೇಳಿದರು. ಅಷ್ಟರಲ್ಲಿ ಪ್ರಾಣಿಗಳು ಬಹಳ ಚುರುಕಾಗಿ ಓಡಾಡುತ್ತ, ಮತ್ತೆ ಮತ್ತೆ ಮೇಲಕ್ಕೆ ಬಂದು ಬಾಯ್ದೆರೆಯುತ್ತ, ತೊಗಟೆಯ ಮೇಲೆ ಹತ್ತುತ್ತ ಇದ್ದುವು. “ನೋಡು, ಬೆಚ್ಚಗಾದೊಡನೆ ಎಷ್ಟು ಹರ್ಷ!” ಎಂದು ನಾನು ಅವರಿಗೆ ತೋರಿಸಿದೆ. ಅದು ಹರ್ಷವಾಗಿರಲಿಲ್ಲ. ಬೇಯುವ ಮನೆಯಿಂದ ಹೊರಬೀಳಲು ದಾರಿ ಹುಡುಕುವವರ ಪರದಾಟವಾಗಿತ್ತು.

ಮೂರನೆಯ ಬೆಳಗ್ಗೆ ಒಂದು ನ್ಯೂಟು ಕೆಂಪು ಹೊಟ್ಟೆಯನ್ನು ಮೇಲೆಮಾಡಿ ತೇಲುತ್ತಿತ್ತು. ನಾನು ನಡುಗುವ ಕೈಯಿಂದ ಮಗನಿಗೆ ದೂರವಾಣಿ ಮಾಡಿದೆ; ಮೊಮ್ಮಗಳೇ ಮಾತನಾಡಿದಳು. ಅಳಲಿಲ್ಲ. ಹೀಟರನ್ನು ಆರಿಸಿರಿ, ಕಿಟಕಿ ತೆರೆಯಿರಿ, ಮಂಜುಗಡ್ಡೆ ಹಾಕಬೇಡಿರಿ, ಒಮ್ಮೆಗೇ ತಣಿಸಿದರೆ ಅದೂ ಅಪಾಯ. ಮೇಜಿನ ಕೆಳಗೆ ಹದಮಾಡಿಟ್ಟ ನೀರಿನ ಬಕೆಟ್ಟಿದೆ, ಅದರಿಂದ ಸ್ವಲ್ಪ ಸ್ವಲ್ಪವಾಗಿ ಬೆರೆಸಿರಿ ಎಂದು ಒಂದೊಂದಾಗಿ ಹೇಳಿಕೊಟ್ಟಳು. ಎರಡನೆಯದು ಉಳಿಯಿತು. ಕಾಲು ಕಡಿದರೆ ಕಾಲು ಬೆಳೆಸಿಕೊಳ್ಳುವ, ಹದಿನೆಂಟು ಸಲ ಕಣ್ಣಿನ ಮಸೂರವನ್ನು ಕಿತ್ತರೂ ಹದಿನೆಂಟು ಸಲ ಹುಟ್ಟಿಸಿಕೊಳ್ಳುವ ಜಾತಿಯ ಜೀವಿಯು ನನ್ನ ಎರಡು ದಿನಗಳ ಅಕ್ಕರೆಯನ್ನು ತಾಳಲಾರದೆ ಹೋಯಿತು.

ಮನೆಗೆ ಬಂದವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಸಂಜೆ ಪಕ್ಕದಲ್ಲಿ ಕುಳಿತು, “ಬಿಸಿನೀರು ಯಾಕೆ ಹಾಕಿದಿರಿ ತಾತ?” ಎಂದು ಮೆಲ್ಲಗೆ ಕೇಳಿದಳು. “ಅವಕ್ಕೆ ಚಳಿಯಾಗುತ್ತದೆಂದು ತಿಳಿದೆ ಮಗು” ಎಂದೆ. “ಚಳಿಯಾಗುತ್ತಿದ್ದದ್ದು ನಿಮಗೆ, ತಾತ” ಎಂದಳು. ಸತ್ತುದನ್ನು ತೋಟದಲ್ಲಿ ಹೂಳೋಣವೆಂದೆ. ಅದಕ್ಕೂ ಅವಳು ಒಪ್ಪಲಿಲ್ಲ. ಪಕ್ಕದ ತೋಟದ ಕೊಳದಲ್ಲಿ ಆ ದೇಶದ ನ್ಯೂಟುಗಳೇ ಇವೆ, ಇದರ ಮೈಯಲ್ಲಿ ಯಾವುದಾದರೂ ರೋಗವಿದ್ದರೆ ಅವಕ್ಕೆ ತಗಲೀತು ಎಂದಳು. ಮಗನು ಅದನ್ನು ಕಟ್ಟಿ ಪಶುವೈದ್ಯರ ಬಳಿಗೆ ಒಯ್ದುಕೊಟ್ಟನು.

ಅಂದಿನ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಆತ್ಮೌಪಮ್ಯವೆಂಬ ಮಾತನ್ನು ನಾನು ತರಗತಿಯಲ್ಲಿ ಎಷ್ಟು ವರ್ಷ ವಿವರಿಸಿದ್ದೆನು! ಅನ್ಯರ ಸುಖದುಃಖಗಳನ್ನು ತನ್ನ ಹೋಲಿಕೆಯಿಂದ ಕಾಣಬೇಕು ಎಂದು ಅರ್ಥ ಹೇಳಿ, ಹುಡುಗರಿಂದ ಬರೆಯಿಸಿದ್ದೆನು. ನಾನು ತೊಟ್ಟಿಯಲ್ಲಿ ಮಾಡಿದ್ದೂ ಅದನ್ನೇ ಅಲ್ಲವೆ? ಆದರೆ ಅರ್ಥವನ್ನು ಅರ್ಧಮಾತ್ರ ತಿಳಿದಿದ್ದೆ. ನನಗೆ ಹಿತವಾದುದೇ ಅದಕ್ಕೂ ಹಿತವೆಂದು ಆ ಮಾತಿನ ತಾತ್ಪರ್ಯವಲ್ಲ. ನನಗೆ ನನ್ನ ಹಿತವು ಹೇಗೆ ಪ್ರಿಯವೋ ಅದಕ್ಕೆ ಅದರ ಹಿತವು ಹಾಗೆಯೇ ಪ್ರಿಯ ಎಂಬುದು ತಾತ್ಪರ್ಯ. ಅದರ ಹಿತವು ಯಾವುದೆಂಬುದನ್ನು ನನ್ನ ಚರ್ಮವನ್ನು ಕೇಳಿ ತಿಳಿಯಲಾಗದು; ಅದರ ಸ್ವಭಾವವನ್ನು ನೋಡಿ, ತಿಳಿದವರನ್ನು ಕೇಳಿ ಕಲಿಯಬೇಕು. ನಮ್ಮ ಮನೆಗಳಲ್ಲಿ ಬೇಸಗೆಯ ಕೂಸಿಗೆ ಉಣ್ಣೆಯ ಟೋಪಿ ಹಾಕುವುದೂ, ಸಾಕೆಂದು ಕೈ ಅಡ್ಡಹಿಡಿದ ನೆಂಟನ ಎಲೆಗೆ ನಾಲ್ಕನೆಯ ಹೋಳಿಗೆ ಬಡಿಸುವುದೂ ಇದೇ ಅರ್ಧ ತಿಳಿವಿನ ಫಲವೆಂದು ನನಗೆ ಈಗ ತೋರುತ್ತದೆ. ಕೂಸು ಅತ್ತು ಹೇಳೀತು, ನೆಂಟನು ಎದ್ದು ಹೋದಾನು. ತೊಟ್ಟಿಯ ಪ್ರಾಣಿಗೆ ಎರಡೂ ಸಾಧ್ಯವಿಲ್ಲ.

ಇನ್ನು ಪತ್ರ ಬರೆದ ತಾಯಿಯವರಿಗೆ ಉತ್ತರ. ಹೌದು, ಇದನ್ನು ಸಾಕುವುದುಂಟು. ಜಪಾನಿನಲ್ಲಿಯೂ ಯೂರೋಪು ಅಮೆರಿಕಗಳಲ್ಲಿಯೂ ಬಹಳ ಮನೆಗಳಲ್ಲಿ ಸಾಕುವರು. ಆದರೆ ಕೊಳ್ಳುವ ಮೊದಲು ತಮ್ಮ ಮಗನು ಕೆಲವು ಮಾತುಗಳನ್ನು ಆಲೋಚಿಸಬೇಕು.

ಮೊದಲನೆಯದು ಶೈತ್ಯ. ಈ ಜಾತಿಗೆ ನೀರು ೧೬ರಿಂದ ೨೦ ಡಿಗ್ರಿ ಸೆಲ್ಸಿಯಸ್ ಇದ್ದರೆ ಸುಖ; ೨೫ ಡಿಗ್ರಿ ಮೀರಿದರೆ ಕಷ್ಟ. ತೊಟ್ಟಿಯೊಳಗೆ ಉಷ್ಣಮಾಪಕವಿರಬೇಕು, ಬಿಸಿಲು ಬೀಳುವ ಕಿಟಕಿಯೂ ಹೀಟರಿನ ಪಕ್ಕವೂ ಕೂಡದು. ಎರಡನೆಯದು ನೀರು. ನಲ್ಲಿಯ ನೀರಿನ ಕ್ಲೋರೀನು ಈ ಚರ್ಮಕ್ಕೆ ವಿಷ. ಅದನ್ನು ಹೋಗಲಾಡಿಸುವ ಔಷಧವನ್ನು ಬೆರೆಸಿದ ಮೇಲೆಯೇ ಉಪಯೋಗಿಸಬೇಕು. ಪ್ರಾಣಿಯ ಮಲದಿಂದ ಹುಟ್ಟುವ ಅಮೋನಿಯವನ್ನು ನಿರಪಾಯವಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳುವುದಕ್ಕೆ ಸುಮಾರು ನಾಲ್ಕರಿಂದ ಆರು ವಾರ ಹಿಡಿಯುವುದು. ಆದುದರಿಂದ ತೊಟ್ಟಿಯನ್ನು ಮೊದಲು ಸಿದ್ಧಪಡಿಸಿ, ಪ್ರಾಣಿಯನ್ನು ಅನಂತರ ತರತಕ್ಕದ್ದು. ಅಂಗಡಿಯಲ್ಲಿ ಎರಡನ್ನೂ ಒಂದೇ ದಿನ ಕೊಂಡು ತರುವ ಮನೆಗಳಲ್ಲಿ ಪ್ರಾಣಿ ಬಾಳುವುದು ಕಷ್ಟ. ಮೂರನೆಯದು ಮುಚ್ಚಳ. ಒದ್ದೆ ಮೈಯಿಂದ ಗಾಜಿಗೆ ಅಂಟಿಕೊಂಡು ಹತ್ತಬಲ್ಲದು. ಸಂದು ಸಿಕ್ಕಿದರೆ ಹೊರಬಿದ್ದು ಒಣಗಿ ಸಾಯುವುದು. ನಾಲ್ಕನೆಯದು ಆಹಾರ. ವಾರಕ್ಕೆ ಎರಡು ಮೂರು ಸಲ ಎರೆಹುಳುವಿನ ತುಂಡು, ನೀರುಹುಳುಗಳು. ಇದು ಮಾಂಸಾಹಾರಿ, ನಮ್ಮ ಮನೆಯ ಮಡಿಗೆ ಒಗ್ಗದೆಂದು ಅನ್ನದ ಅಗುಳು ಹಾಕಿದರೆ ಬದುಕದು. ಹುಳುವನ್ನು ಮುಟ್ಟಲಾರದವರು ಇದನ್ನು ಸಾಕದಿರುವುದೇ ಧರ್ಮ.

ಮಕ್ಕಳಿಗೆ ಅಪಾಯವುಂಟೆ ಎಂದು ಕೇಳಿದ್ದೀರಿ. ಕಚ್ಚಿ ನೋಯಿಸುವ ಪ್ರಾಣಿಯಲ್ಲ. ಆದರೆ ಹೊಟ್ಟೆಯ ಕೆಂಪು ಅಲಂಕಾರಕ್ಕಲ್ಲ, ಎಚ್ಚರಿಕೆಗೆ. ಇದರ ಚರ್ಮದಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ವಿಷವುಂಟು. ಜಪಾನೀಯರು ಫುಗು ಎನ್ನುವ ಉಬ್ಬುಮೀನಿನ ವಿಷವೂ ಇದೇ. ಮುಟ್ಟಿದ ಮಾತ್ರಕ್ಕೆ ಭಯವಿಲ್ಲವಾದರೂ ಬಾಯಿಗೂ ಕಣ್ಣಿಗೂ ಗಾಯಕ್ಕೂ ಸೋಕಬಾರದು. ತೊಟ್ಟಿಯಲ್ಲಿ ಕೈಯಿಟ್ಟವರು ಸಾಬೂನಿನಿಂದ ಕೈತೊಳೆಯಬೇಕು. ತಿಳಿವಳಿಕೆ ಬಾರದ ಕೂಸಿರುವ ಮನೆಗೆ ಇದು ತಕ್ಕುದಲ್ಲ. ನಮ್ಮ ಕೈಯ ಬಿಸಿಯೂ ಉಪ್ಪೂ ಅದಕ್ಕೂ ಒಳ್ಳೆಯದಲ್ಲ. ನೋಡಿ ಸಂತೋಷಪಡತಕ್ಕ ಪ್ರಾಣಿಯೇ ಹೊರತು ಎತ್ತಿ ಮುದ್ದಾಡತಕ್ಕುದಲ್ಲ.

ಇದಕ್ಕಿಂತ ದೊಡ್ಡ ಅಪಾಯ ಮನೆಯ ಹೊರಗಿನದು. ನೆದರ್ಲೆಂಡ್ಸ್ ದೇಶದ ಕಾಡಿನಲ್ಲಿ ನ್ಯೂಟಿನ ಬಂಧುವಾದ ಹಳದಿ ಕಪ್ಪು ಬಣ್ಣದ ಸಲಮಾಂಡರುಗಳು ರಾಶಿರಾಶಿಯಾಗಿ ಸತ್ತು ಬಹುಮಟ್ಟಿಗೆ ಇಲ್ಲವಾದುವು. ಅವುಗಳ ಚರ್ಮವನ್ನು ತಿನ್ನುವ ಬೂಷ್ಟಿನ ಜಾತಿಯ ಒಂದು ರೋಗವನ್ನು ವಿಜ್ಞಾನಿಗಳು ೨೦೧೩ರಲ್ಲಿ ಗುರುತಿಸಿ, ಸಲಮಾಂಡರುಗಳನ್ನು ತಿನ್ನುವುದು ಎಂಬರ್ಥದ ಲ್ಯಾಟಿನ್ ಹೆಸರನ್ನಿಟ್ಟರು. ಅದು ಏಷ್ಯದಿಂದ ಬಂದುದೆಂದೂ, ಸಾಕುವುದಕ್ಕಾಗಿ ಮಾರುವ ಪ್ರಾಣಿಗಳ ಮೂಲಕ ಯೂರೋಪನ್ನು ಸೇರಿರಬೇಕೆಂದೂ ಮರುವರ್ಷ ತಿಳಿಸಿದರು. ಏಷ್ಯದ ಕೆಲವು ಜಾತಿಗಳು ಅದನ್ನು ಹೊತ್ತೂ ಬದುಕಬಲ್ಲುವು, ಯೂರೋಪಿನ ಹಲವು ಜಾತಿಗಳು ಬದುಕಲಾರವು. ಅಮೆರಿಕದ ಸರ್ಕಾರವು ೨೦೧೬ರಲ್ಲಿ ಇಂಥ ೨೦೧ ಜಾತಿಗಳ ಆಮದನ್ನು ತಡೆಯಿತು. ಆದುದರಿಂದ ಮನೆಯಲ್ಲಿಯೇ ಹುಟ್ಟಿ ಬೆಳೆದ ಮರಿಗಳನ್ನು ಮಾತ್ರ ನಂಬಿಕೆಯುಳ್ಳವರಿಂದ ಕೊಳ್ಳಬೇಕು. ಬೇಸರವಾಯಿತೆಂದು ಕೊಳಕ್ಕೆ ಬಿಡಬಾರದು. ತೊಟ್ಟಿಯ ನೀರನ್ನು ತೋಟಕ್ಕಾಗಲಿ ಹಳ್ಳಕ್ಕಾಗಲಿ ಚೆಲ್ಲಬಾರದು. ಹನ್ನೊಂದು ವರ್ಷದ ಹುಡುಗಿಗೆ ತಿಳಿದಿದ್ದ ಈ ಮಾತು ಅರುವತ್ತರ ಸಮೀಪದ ನನಗೆ ತಿಳಿದಿರಲಿಲ್ಲ.

ತಮ್ಮ ಮಗನ ಮನೆಗೆ ತೋಟವಿದ್ದರೆ ಇನ್ನೂ ಒಳ್ಳೆಯ ಮಾರ್ಗವೊಂದುಂಟು. ಮೀನಿಲ್ಲದ ಒಂದು ಸಣ್ಣ ಕೊಳವನ್ನು ಇಳಿಜಾರು ದಡವಿಟ್ಟು ತೋಡಿಸಿ, ನೀರುಗಿಡ ನೆಟ್ಟು, ಪಕ್ಕದಲ್ಲಿ ನಾಲ್ಕು ಕಲ್ಲುಗಳನ್ನು ಒಟ್ಟಿದರೆ, ಆ ದೇಶದ ನ್ಯೂಟುಗಳು ವಸಂತದಲ್ಲಿ ಕರೆಯದೆಯೇ ಬರಬಹುದು. ಅವನ್ನು ಹಿಡಿಯಬಾರದು, ಬೆನ್ನಿನ ಮೇಲೆ ಜುಟ್ಟಿನಂಥ ಏಣುಳ್ಳ ದೊಡ್ಡ ಜಾತಿಯನ್ನಂತೂ ಪರವಾನಗಿಯಿಲ್ಲದೆ ಹಿಡಿಯುವುದು ಅಲ್ಲಿ ಅಪರಾಧ.

ನಮ್ಮ ಕನ್ನಡ ನಾಡಿನಲ್ಲಿ, ಏಕೆ ದಕ್ಷಿಣ ಭಾರತದಲ್ಲಿಯೇ, ನ್ಯೂಟುಗಳಿಲ್ಲ. ಹಿಮಾಲಯದ ಡಾರ್ಜಿಲಿಂಗ್ ಸೀಮೆಯ ಕೊಳಗಳಲ್ಲಿ ಒಂದು ಜಾತಿಯಿದೆ. ೧೯೭೨ರ ವನ್ಯಜೀವಿ ಕಾನೂನಿನ ರಕ್ಷಣೆಯಲ್ಲಿರುವ ಅದನ್ನು ಹಿಡಿದು ಸಾಕುವಂತಿಲ್ಲ. ನಮ್ಮ ಸೆಕೆಯ ಮನೆಗಳಲ್ಲಿ ವಿದೇಶದ ನ್ಯೂಟನ್ನು ತಂದಿಡುವುದೆಂದರೆ ನಾನು ಎರಡು ದಿನ ಮಾಡಿದುದನ್ನು ವರ್ಷವೆಲ್ಲ ಮಾಡಿದಂತೆ. ಇಲ್ಲಿಯ ಮಕ್ಕಳಿಗೆ ಮುಂಗಾರಿನ ಹೊಂಡಗಳಲ್ಲಿ ಗೊದಮೊಟ್ಟೆಗಳುಂಟು. ದಡದಲ್ಲಿ ಕೂಡಿಸಿ, ಅವುಗಳಿಗೆ ಕಾಲು ಮೂಡುವುದನ್ನೂ ಬಾಲ ಕರಗುವುದನ್ನೂ ದಿನದಿನವೂ ತೋರಿಸಿರಿ. ಹಿಡಿದು ತರುವುದು ಬೇಡ.

ಕೊನೆಯ ಮಾತು ಆಯುಸ್ಸಿನದು. ಚೆನ್ನಾಗಿ ನೋಡಿಕೊಂಡರೆ ಈ ಪ್ರಾಣಿಯು ಇಪ್ಪತ್ತು ಇಪ್ಪತ್ತೈದು ವರ್ಷ ಬಾಳುವುದು. ಕೊಂಡವನ ಮಗುವು ದೊಡ್ಡದಾಗಿ, ಓದು ಮುಗಿಸಿ, ಸಂಸಾರ ಹೂಡುವವರೆಗೂ ಅದು ಇರಬಹುದು. ಅಷ್ಟು ಕಾಲದ ಸಂಕಲ್ಪವಿಲ್ಲದವರು ಕೊಳ್ಳಬಾರದು. ನಮ್ಮ ಮನೆಯಲ್ಲಿ ಉಳಿದ ಆ ಒಂದು ನ್ಯೂಟು ನನ್ನ ಕಾಲವಾದ ಮೇಲೂ ಇದ್ದೀತು. ಭಾನುವಾರಗಳಂದು ಮೊಮ್ಮಗಳು ದೂರವಾಣಿಯಲ್ಲಿ ಮಾತನಾಡುವಾಗ ಓದು, ಊಟ, ಆರೋಗ್ಯಗಳ ವಿಚಾರವೆಲ್ಲ ಆದಮೇಲೆ ನಾನು, “ನೀರು ತಣ್ಣಗಿದೆಯೆ ಮಗು?” ಎಂದು ಕೇಳುತ್ತೇನೆ. ಅವಳು ಹೋಗಿ ನೋಡಿ ಬಂದು, “ಹದಿನೆಂಟು ಇದೆ ತಾತ” ಎನ್ನುತ್ತಾಳೆ.